ಎರಡೇ ವರ್ಷ ಕಣಮ್ಮಾ!

ನಿಮ್ಮ ಮೊಬೈಲ್ ಸ್ವಲ್ಪ ಕೊಡ್ತೀರಾ? ಹೆದರ್ಬೇಡಿ, ಚಾಟ್ ಏನೂ ಓದಲ್ಲ. ಬರೀ ಕ್ಯಾಲ್ಕುಲೇಟರ್ ನೋಡ್ತೀನಿ. ಹಾಂ, ಗೊತ್ತಿತ್ತು! 1.49 ಇಂಟು 100. ಏನದು, ಕೊತ್ತಂಬರಿ ಸೊಪ್ಪಾ? ಯೂರೋ ನೂರು ರೂಪಾಯಿ ಆಸುಪಾಸಿಗೆ ಬಂದು ಕೂತಿರೋದ್ರಿಂದ ಎರಡು ಸೊನ್ನೆ ಸೇರಿಸ್ಕೊಂಡಿದ್ರೆ ಸಾಕಿತ್ತು, ಮನಸ್ಸಲ್ಲೇ ಆಗ್ತಿತ್ತು. ಆದ್ರೂ ಒತ್ತಿ ನೋಡ್ತೀರಿ. ಹೊಟ್ಟೆ ಉರಿಗೂ ಒಂದು ಲಿಖಿತ ದಾಖಲೆ ಬೇಕಲ್ಲ!

ಗಾಂಧಿ ಬಜಾರಿನಲ್ಲಿ ತರಕಾರಿ ತಗೊಂಡ ಮೇಲೆ ಕೊಸರು ಅಂತ ಬಿಟ್ಟಿ ಹಾಕಿಸ್ಕೊಳ್ತಿದ್ದ ಸೊಪ್ಪಿಗೆ ಇಲ್ಲಿ ನೂರೈವತ್ತು ರೂಪಾಯಿ. ನೀವು ಆ ಕಟ್ಟನ್ನ ಎತ್ತಿದ್ರಿ, ಮೂಸಿದ್ರಿ, ವಾಪಸ್ಸಿಟ್ರಿ. ಪಕ್ಕದ ಸಾಲಿನಲ್ಲಿದ್ದ ಚಾಕೊಲೇಟನ್ನ ಮಾತ್ರ ಯಾವ ಲೆಕ್ಕಾನೂ ಹಾಕದೆ ಬುಟ್ಟಿಗೆ ಹಾಕ್ಕೊಂಡ್ರಿ. (ನಾನು ನೋಡ್ಲಿಲ್ಲ ಬಿಡಿ.)

ಜರ್ಮನಿಗೆ ಓದೋಕೆ ಬಂದ ನಮ್ಮ ಹುಡುಗ-ಹುಡುಗೀರ ಕಥೆ ಕಣ್ರೀ ಇವತ್ತು. ಅಂದ್ರೆ ನಿಮ್ಮದೇ. 2023-24ರ ಚಳಿಗಾಲದ ಸೆಮಿಸ್ಟರ್ ಹೊತ್ತಿಗೆ ಇಲ್ಲಿ ಓದ್ತಿದ್ದ ಭಾರತದೋರು 49 ಸಾವಿರ ದಾಟಿದ್ರು. ಚೀನಾದೋರನ್ನೂ ಹಿಂದೆ ಹಾಕಿ ಹೊರದೇಶದ ವಿದ್ಯಾರ್ಥಿಗಳಲ್ಲಿ ನಾವೇ ಫಸ್ಟು. ಅದ್ರಲ್ಲಿ ಕನ್ನಡದೋರು ಎಷ್ಟೇ ಇರ್ಲಿ, ದೇವನಹಳ್ಳಿ ಏರ್‌ಪೋರ್ಟಿನ ಗೇಟ್ ಹತ್ರ ಹೇಳಿದ್ದು ಮಾತ್ರ ಒಂದೇ ಡೈಲಾಗು: "ಎರಡೇ ವರ್ಷ ಕಣಮ್ಮಾ, ಮುಗಿಸ್ಕೊಂಡು ಬಂದ್ಬಿಡ್ತೀನಿ." ನೀವೂ ಹೇಳಿದ್ರಿ ತಾನೆ?

ಜರ್ಮನಿನೇ ಯಾಕಪ್ಪಾ ಅಂತ ಮದುವೆ ಮನೆಯಲ್ಲಿ ಅಂಕಲ್ ಒಬ್ರು ಕೇಳಿದಾಗ "ಆಟೊಮೋಟಿವ್‌ಗೆ ಜರ್ಮನಿನೇ ಬೆಸ್ಟ್ ಅಂಕಲ್, ರಿಸರ್ಚ್ ಚೆನ್ನಾಗಿದೆ" ಅಂದ್ರಿ. ಆಹಾ! ನಮ್ಮಿಬ್ರ ಮಧ್ಯೆ ಇರ್ಲಿ, ನಿಮ್ಮನ್ನ ಎಳೆದದ್ದು ರಿಸರ್ಚಾ, ಇಲ್ಲಾ "ಟ್ಯೂಷನ್ ಫೀಸ್ ಇಲ್ಲ" ಅನ್ನೋ ಆ ಒಂದು ಸಾಲಾ? ಫ್ರೀ ಅಂದ್ರೆ ಸಾಕು, ನಮ್ಮೋರು ಮೈನಸ್ ಹತ್ತು ಡಿಗ್ರಿಗೂ ಸೈ.

ಆಮೇಲೆ ತಿಳೀತು, ಸ್ಟುಟ್‌ಗಾರ್ಟ್ ಇರೋ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿಯನ್ ಯೂನಿಯನ್ ಹೊರಗಿನೋರಿಗೆ 2017ರಲ್ಲೇ ಸೆಮಿಸ್ಟರಿಗೆ 1,500 ಯೂರೋ ಜಡಿದಿದ್ದಾರೆ ಅಂತ. ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿನೂ 2024ರಿಂದ ಫೀಸ್ ಶುರು ಹಚ್ಕೊಂಡಿದೆ. ಇದನ್ನೆಲ್ಲ ಅಪ್ಪನಿಗೆ ಹೇಳಿದ್ದು ಯಾವಾಗ? ವೀಸಾ ಸ್ಟಾಂಪ್ ಆದ್ಮೇಲೆ! ಭಲೇ.

ಅದಕ್ಕೂ ಮುಂಚೆ ಎಪಿಎಸ್ ಸರ್ಟಿಫಿಕೇಟ್ ಅಂತ ಒಂದಿದೆ, ನಿಮ್ಮ ಮಾರ್ಕ್ಸ್ ಕಾರ್ಡು ಅಸಲೀನಾ ನಕಲೀನಾ ಅಂತ ನೋಡೋದು. 2022ರ ನವೆಂಬರ್‌ನಿಂದ ಭಾರತದೋರಿಗೆ ಕಡ್ಡಾಯ. ವಿಟಿಯುನಲ್ಲಿ ಗಣಿತದ ಎಂ-3 ಪೇಪರ್ ಎಷ್ಟನೇ ಸಲಕ್ಕೆ ಪಾಸಾಯ್ತು ಅನ್ನೋದನ್ನ ಮನೆಯೋರಿಂದ್ಲೂ ಮುಚ್ಚಿಟ್ಟಿದ್ರಿ. ಕೊನೆಗೆ ಅದನ್ನ ಜರ್ಮನಿಯೋರ ಮುಂದೆ ಬಿಚ್ಚಿ ಹರಡಬೇಕಾಯ್ತು. ವಿಧಿ ಅಂದ್ರೆ ಇದೇ.

ಆಮೇಲೆ ಬಂತು ನೋಡಿ ಶ್ಪೆರ್‌ಕೋಂಟೊ, ಅದೇ ನಮ್ಮ ಬ್ಲಾಕ್ಡ್ ಅಕೌಂಟು. ವೀಸಾ ಬೇಕಾ? ಮೊದ್ಲು ಒಂದು ವರ್ಷದ ಖರ್ಚು 11,904 ಯೂರೋ ತಂದು ಇಲ್ಲಿ ಮಡಗಿ. ಅಪ್ಪ ಸೈಟಿನ ಪೇಪರ್ ಬ್ಯಾಂಕಿಗಿಟ್ಟು ತಂದ ದುಡ್ಡು ಅದು. ನಿಮ್ಮ ಕೈಗೆ ತಿಂಗಳಿಗೆ ಬರೀ 992. ಮೊದಲನೇ ಕಂತು ಬಿದ್ದ ದಿನ ಗ್ರೂಪಿನಲ್ಲಿ "ಸ್ಯಾಲರಿ ಬಂತು ಮಗಾ" ಅಂತ ಹಾಕಿದ್ರಲ್ಲಾ, ಯಾರ ಸ್ಯಾಲರಿ ಸ್ವಾಮೀ ಅದು?

ರೂಮ್ ಹುಡುಕಿದ ಕಥೆ ನಿಮ್ಮ ಬಾಯಲ್ಲಿ ಕೇಳಬೇಕು. ಇಲ್ಲಿ ನಾಲ್ಕು ಜನ ಸೇರಿ ಒಂದು ಫ್ಲ್ಯಾಟ್ ಹಂಚ್ಕೊಳ್ತಾರೆ, ವೇಗೇ ಅಂತಾರೆ ಅದಕ್ಕೆ. ಖಾಲಿ ಇರೋ ರೂಮಿಗೆ ನಿಮ್ಮನ್ನ ಸೇರಿಸ್ಕೋಬೇಕಾ ಬೇಡ್ವಾ ಅಂತ ಮಿಕ್ಕ ಮೂವರು ಸೇರಿ ಇಂಟರ್‌ವ್ಯೂ ಮಾಡ್ತಾರೆ. ಥೇಟ್ ಹೆಣ್ಣು ನೋಡೋ ಶಾಸ್ತ್ರ, ಉಪ್ಪಿಟ್ಟು-ಕೇಸರಿಬಾತ್ ಒಂದು ಇರಲ್ಲ.

"ನಿನ್ನ ಹವ್ಯಾಸ ಏನು?" ಅಂದ್ರು. ನೀವು "ಹೈಕಿಂಗ್" ಅಂದ್ರಿ. ಬೆಂಗಳೂರಲ್ಲಿ ಎರಡನೇ ಮಹಡಿಗೂ ಲಿಫ್ಟ್ ಕಾಯ್ತಿದ್ದ ಪ್ರಾಣಿ! "ಅಡುಗೆ ಮಾಡ್ತೀಯಾ?" "ಓ, ತುಂಬಾ ಇಷ್ಟ." ಮನೆಯಲ್ಲಿ ಸ್ಟವ್ ಹಚ್ಚಿದ್ದು ಮ್ಯಾಗಿಗೆ ಮಾತ್ರ. "ಕ್ಲೀನಿಂಗ್?" "ನನಗೆ ಅದೊಂಥರಾ ಧ್ಯಾನ." ಅಷ್ಟೆಲ್ಲ ಹೇಳಿದ್ರೂ ರೂಮು ಬೇರೆ ಯಾರಿಗೋ ಹೋಯ್ತು. ನಿಜ ಹೇಳಿ, ಅವತ್ತು ಸ್ವಲ್ಪ ಅತ್ರಿ ತಾನೆ?

ಆಮೇಲೆ ಹೇಗೋ ಒಂದು ಸಿಕ್ತು. ಬಾಡಿಗೆ ಎಷ್ಟು ಕಮ್ಮಿ ಅಂತ ಕುಣಿದ್ರಿ. ಅದು "ಕೋಲ್ಡ್" ಬಾಡಿಗೆ ಅಂತ ಯಾರೂ ಹೇಳಿರಲಿಲ್ಲ. ಹೀಟರು, ನೀರು, ಕಸ, ಮೆಟ್ಟಿಲು ಗುಡಿಸೋದು ಎಲ್ಲಾ ಸೇರಿದ್ರೆ ಆಗೋದು "ವಾರ್ಮ್" ಬಾಡಿಗೆ. ಅದನ್ನ ನೋಡಿದ ಮೇಲೆ ನಿಮಗೇ ಬೆವರು ಬಂತು. ಕೆಲವ್ರ ಫ್ಲ್ಯಾಟಿನಲ್ಲಂತೂ ಅಡುಗೆಮನೇಲಿ ಅಡುಗೆಮನೆನೇ ಇರಲ್ಲ! ಹಳೇ ಬಾಡಿಗೆದಾರ ಸ್ಟವ್ವು, ಸಿಂಕು, ಕಪಾಟು ಎಲ್ಲಾ ಬಿಚ್ಕೊಂಡು ಹೋಗಿರ್ತಾನೆ. ಚಾವಣಿಯಿಂದ ವೈರು ನೇತಾಡ್ತಿರುತ್ತೆ, ಬಲ್ಬೂ ಇರಲ್ಲ.

ಮನೆ ಸಿಕ್ಕಿದ ಎರಡು ವಾರದೊಳಗೆ ಆಫೀಸಿಗೆ ಹೋಗಿ "ನಾನು ಇಂಥಾ ಕಡೆ ಇದೀನಿ" ಅಂತ ನೋಂದಾಯಿಸ್ಕೋಬೇಕು, ಆನ್‌ಮೆಲ್ಡುಂಗ್. ಹೆಸ್ರು ಬರೆಸಿದ್ದೇ ತಡ, ಮೊದಲನೇ ಕಾಗದ ಬಂತು. ಯಾರೋ ಸ್ವಾಗತ ಕೋರಿದ್ದಾರೆ ಅಂತ ಖುಷಿಯಿಂದ ಒಡೆದ್ರಿ. ಟೀವಿ-ರೇಡಿಯೋ ಶುಲ್ಕ, ಮನೆಗೆ ತಿಂಗಳಿಗೆ 18.36 ಯೂರೋ! "ನಮ್ಮನೇಲಿ ಟೀವಿನೇ ಇಲ್ಲ" ಅಂದ್ರಿ. ಇಲ್ಲದಿದ್ರೂ ಕೊಡ್ಬೇಕು. (1,836 ರೂಪಾಯಿ ಅಂತ ಒತ್ತಿ ನೋಡಿದ್ರಿ. ಗೊತ್ತು.)

ಈಗ ಅಡುಗೆಮನೆಗೆ ಬನ್ನಿ, ನಿಮ್ಮ ಬಂಡವಾಳ ಬಯಲಾಗೋದು ಇಲ್ಲೇ. ಸಂಜೆ ಏಳು ಗಂಟೆ. ಊರಲ್ಲಿ ರಾತ್ರಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ. ಅಮ್ಮ ಆಕಳಿಸ್ತಾ ವೀಡಿಯೋ ಕಾಲ್‌ನಲ್ಲಿ. "ಎಣ್ಣೆ ಕಾದಿದೆಯೇನೋ ನೋಡು, ಈಗ ಸಾಸಿವೆ ಹಾಕು." ಹಾಕಿದ್ರಿ. ಚಟಪಟ ಅಂತು. ಒಣಮೆಣಸಿನಕಾಯಿ ಹಾಕಿದ್ರಿ. ಹೊಗೆ ಎದ್ದಿತು. ಚಾವಣಿಯಲ್ಲಿದ್ದ ಸ್ಮೋಕ್ ಅಲಾರಂ ಬಾಯಿ ಬಿಡ್ತು.

ಮುಂದಿನ ದೃಶ್ಯ: ಬ್ಯಾಡಗಿ ಘಾಟಿಗೆ ಕೆಮ್ಮುತ್ತಾ, ಕುರ್ಚಿ ಮೇಲೆ ಹತ್ತಿ, ಸ್ನಾನದ ಟವೆಲ್ ಹಿಡಿದು ಅಲಾರಂಗೆ ಗಾಳಿ ಬೀಸ್ತಿದೀರಿ. ಕಿಟಕಿ ತೆಗೆದ್ರೆ ಹೊರಗೆ ಹಿಮ. ತಗ್ಗಿಸಿ ಅಂತ ಗೋಡೆಗೆ ಗುದ್ದೋ ಪಕ್ಕದ ಮನೆಯೋನು. ಫೋನಿನಲ್ಲಿ ಅಮ್ಮ, "ಏನೋ ಅದು ಸದ್ದು?" "ಕುಕ್ಕರ್ ವಿಷಲ್ ಅಮ್ಮ, ಇಲ್ಲಿಯ ಕುಕ್ಕರ್ ಹೀಗೇ ಕೂಗೋದು." ಎಷ್ಟು ಸಲೀಸಾಗಿ ಬಂತ್ರೀ ನಿಮಗೆ!

ಭಾನುವಾರದ ಪಾಠ ಇನ್ನೊಂದು ಥರ. ಅಂಗಡಿ ಎಲ್ಲಾ ಬಂದ್. ಶನಿವಾರ ರಾತ್ರಿ ಹಾಲು ತಗೊಳ್ಳೋದು ಮರೆತ್ರೆ ಸೋಮವಾರದವರೆಗೂ ಕಪ್ಪು ಕಾಫಿನೇ ಗತಿ. ಅವತ್ತು ಮನೇಲಿ ಡ್ರಿಲ್ ಹೊಡೆಯೋ ಹಾಗಿಲ್ಲ, ಜೋರು ಸದ್ದು ಮಾಡೋ ಹಾಗಿಲ್ಲ. ನೀವು ಇಡ್ಲಿ ಜೊತೆ ಕಾಯಿಚಟ್ನಿ ಅಂತ ಬೆಳಿಗ್ಗೆ ಎಂಟಕ್ಕೆ ಕೊಯಮತ್ತೂರು ಮಿಕ್ಸಿ ತಿರುಗಿಸಿದ್ರಿ. ಮಧ್ಯಾಹ್ನ ಬಾಗಿಲ ಮೇಲೆ ಚೀಟಿ. ಮುತ್ತಿನಂಥ ಅಕ್ಷರ, ಸಹಿ, ತಾರೀಕು, ಕೊನೇಲಿ "ಸ್ನೇಹಪೂರ್ವಕ ವಂದನೆಗಳು". ಆ ವಂದನೆ ಓದಿ ಹೆದರಿದಷ್ಟು ನೀವು ಲ್ಯಾಬ್ ಎಕ್ಸ್‌ಟರ್ನಲ್‌ಗೂ ಹೆದರಿರಲಿಲ್ಲ.

ಸೋನಾ ಮಸೂರಿ ಎಲ್ಲಿ ಸಿಗುತ್ತೆ ಅಂತ ಹುಡುಕ್ಕೊಂಡು ಹೋದ್ರೆ ರೈಲ್ವೇ ಸ್ಟೇಷನ್ ಹಿಂದೆ ಶ್ರೀಲಂಕಾ ತಮಿಳರೊಬ್ಬರ ಅಂಗಡಿ. "ಅಣ್ಣಾ, ಪೆರುಂಗಾಯಂ ಇರುಕ್ಕಾ?" ಬೆಂಗಳೂರಲ್ಲಿ ಕಾವೇರಿ ಗಲಾಟೆ ದಿನಗಳಲ್ಲಿ ಫೇಸ್‌ಬುಕ್‌ನಲ್ಲಿ ಏನೇನ್ ಬರೆದಿದ್ರಿ ಅಂತ ಅವ್ರಿಗೆ ಗೊತ್ತಿಲ್ಲ. ಒಂದು ಇಂಗಿನ ಡಬ್ಬಿ ಮುಂದೆ ಎಲ್ಲಾ ಇತ್ಯರ್ಥ.

ಇನ್ನು ಬಾಟ್ಲಿ ವಿಷ್ಯ. ಬಳಸಿ ಬಿಸಾಡೋ ಪ್ಲಾಸ್ಟಿಕ್ ಬಾಟ್ಲಿ, ಕ್ಯಾನು ಏನೇ ತಗೊಳ್ಳಿ, ಮೇಲೆ 25 ಸೆಂಟ್ ಡಿಪಾಸಿಟ್. ಖಾಲಿ ಬಾಟ್ಲಿ ಸೂಪರ್ ಮಾರ್ಕೆಟಿನ ಮಷೀನಿಗೆ ತುರುಕಿದ್ರೆ ವಾಪಸ್ಸು. ಪಾರ್ಟಿ ಮುಗಿದ ಮೇಲೆ "ನಾನು ಕ್ಲೀನ್ ಮಾಡ್ತೀನಿ, ನೀವೆಲ್ಲ ಹೊರಡಿ" ಅಂತ ದೊಡ್ಡ ಮನಸ್ಸು ತೋರಿಸಿದ್ರಲ್ಲಾ... ಇಡೀ ಗುಂಪು ನಿಮ್ಮನ್ನ ಹೊಗಳ್ತು. ಮೂರು ಚೀಲ ಬಾಟ್ಲಿ ಎಲ್ಲಿ ಹೋಯ್ತು ಅಂತ ಕೇಳ್ಲಾ?

ಕೆಲಸದ ವಿಷ್ಯ ಎತ್ತಿದ್ರೆ ನಿಮ್ಮ ಮುಖ ಸ್ವಲ್ಪ ಸಣ್ಣಗಾಗುತ್ತೆ, ಹಾಗಾಗಿ ಬೇಗ ಹೇಳಿ ಮುಗಿಸ್ತೀನಿ. ವರ್ಷಕ್ಕೆ 140 ಪೂರ್ತಿ ದಿನ ಇಲ್ಲಾ 280 ಅರ್ಧ ದಿನ ದುಡಿಯೋಕೆ ಅವಕಾಶ ಇದೆ. ಗಂಟೆಗೆ ಕನಿಷ್ಠ ಕೂಲಿ 2026ರಿಂದ 13.90 ಯೂರೋ. ಗೋಡೌನಿನಲ್ಲಿ ಡಬ್ಬ ಎತ್ತೋದು, ಹೋಟ್ಲಿನಲ್ಲಿ ಪಾತ್ರೆ, ಮಳೇಲಿ ಸೈಕಲ್ ಮೇಲೆ ಪಿಜ್ಜಾ. ಊಟ ಆದ್ಮೇಲೆ ತಟ್ಟೆ ಅಲ್ಲೇ ಬಿಟ್ಟು ಏಳ್ತಿದ್ದೋರು ನೀವು. ಅಮ್ಮನಿಗೆ ಹೇಳಿರೋದು "ಲಾಜಿಸ್ಟಿಕ್ಸ್ ಕಂಪ್ನೀಲಿ ಪಾರ್ಟ್ ಟೈಮ್". ಸುಳ್ಳೇನಲ್ಲ, ಅಲ್ವಾ?

ಅದೇ ವಾರ ಸ್ಟೇಟಸ್‌ನಲ್ಲಿ ಏನಿತ್ತು? ನೊಯ್‌ಶ್ವಾನ್‌ಸ್ಟೈನ್ ಕೋಟೆ! ಹಿಂದೆ ಆಲ್ಪ್ಸ್, ಮುಂದೆ ನೀವು, ಕೆಳಗೆ "ಬ್ಲೆಸ್ಡ್". ನೀವು ತೊಟ್ಟಿದ್ದ ಕೋಟಿನೊಳಗೆ ನಿಮ್ಮ ರೂಮ್‌ಮೇಟೂ ಅದೇ ದಿನ ತೂರ್ಕೊಂಡು ಫೋಟೋ ತೆಗೆಸ್ಕೊಂಡಿದ್ದ ಅನ್ನೋದನ್ನ ದಾವಣಗೆರೆಯ ನಿಮ್ಮ ಅತ್ತೆ ಕಂಡುಹಿಡಿದ್ರು ನೋಡಿ. ಅತ್ತೆಯಂದಿರ ಕಣ್ಣಿಗೆ ಯಾವ ಫಿಲ್ಟರೂ ಅಡ್ಡ ಬರಲ್ಲ.

ಭಾಷೆ? "ಕೋರ್ಸ್ ಇಂಗ್ಲಿಷಲ್ಲೇ ಇದೆ, ಜರ್ಮನ್ ಯಾತಕ್ಕೆ" ಅಂತಿದ್ರಿ. ಕೆಲಸದ ಜಾಹೀರಾತು ನೋಡೋಕೆ ಶುರು ಮಾಡಿದ ಮೇಲೆ ಗಂಟಲು ಒಣಗಿತು. ಈಗ ಫೋನಿನ ಆಪ್‌ನಲ್ಲಿ ದಿನಾ ಐದು ನಿಮಿಷ, ಬಾಯಲ್ಲಿ ಎಲ್ಲದಕ್ಕೂ "ಗೆನಾವ್", "ಗೆನಾವ್", ಅಂದ್ರೆ ಕರೆಕ್ಟು, ಕರೆಕ್ಟು. ಆ ಕಡೆಯೋನು ಏನು ಹೇಳಿದ್ರೂ ಹೌದ್ಹೌದು ಅಂತ ತಲೆ ಆಡಿಸೋದು. ಒಂದ್ಸಲ ಹೀಗೇ ತಲೆ ಆಡಿಸಿ ಜಿಮ್‌ಗೆ ಎರಡು ವರ್ಷದ ಕಾಂಟ್ರಾಕ್ಟಿಗೆ ಸಹಿ ಹಾಕಿ ಬಂದ್ರಂತೆ?

ಅಲ್ಲ, ಫರ್ಡಿನೆಂಡ್ ಕಿಟೆಲ್ ಅಂತ ಕೇಳಿದೀರಾ? ಬೆಂಗಳೂರಿನ ಎಂ.ಜಿ. ರೋಡಿನಲ್ಲಿ ಪುತ್ಥಳಿ ಇದೆ. (ಅದರ ಮುಂದೆ ಫ್ರೆಂಡ್ಸ್‌ಗೆ ಕಾಯ್ತಾ ನಿಂತಿರ್ತೀರಿ, ಹೆಸ್ರು ಓದಿರಲ್ಲ.) ಇದೇ ಜರ್ಮನಿಯಿಂದ 1853ರಲ್ಲಿ ನಮ್ಮ ಕಡೆ ಬಂದ ಪುಣ್ಯಾತ್ಮ. ಆಪ್ ಇಲ್ಲ, ಯೂಟ್ಯೂಬ್ ಇಲ್ಲ. ಕನ್ನಡ ಕಲಿತು, 1894ರಲ್ಲಿ ಸುಮಾರು 70 ಸಾವಿರ ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನೇ ಮಂಗಳೂರಿನಲ್ಲಿ ಅಚ್ಚು ಹಾಕಿಸಿಬಿಟ್ರು. ಅವ್ರು ತೀರ್ಕೊಂಡ ಟ್ಯೂಬಿಂಗೆನ್ ಊರಲ್ಲೇ ನಿಮ್ಮ ಫ್ರೆಂಡು ಓದ್ತಿರೋದು. ಅವನಿಗೆ ಬೇಕರೀಲಿ ಬ್ರೆಡ್ ಕತ್ತರಿಸಿ ಕೊಡಿ ಅಂತ ಕೇಳೋಕೆ ಇನ್ನೂ ಬರಲ್ಲ. ಕೈಯಲ್ಲೇ ಗರಗಸ ಆಡಿಸಿ ತೋರಿಸ್ತಾನೆ.

ನಿಮ್ಮ ಕನ್ನಡ ಪ್ರೇಮ ಉಕ್ಕಿದ್ದು ಮಾತ್ರ ಇಲ್ಲಿಗೆ ಬಂದ ಮೇಲೇ. ಇಂದಿರಾನಗರದ ಕೆಫೇಲಿ ಕೂತು ಇಂಗ್ಲಿಷ್ ಬಿಟ್ಟು ಮಾತಾಡದಿದ್ದೋರು ಈಗ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಪಂಚೆ ಉಟ್ಕೊಂಡು ಟ್ರಾಮ್ ಹತ್ತಿದೀರಿ. ಪಂಚೆ ಒಳಗೆ ಥರ್ಮಲ್ಸು. (ಕಾಣ್ತಿತ್ತು.) ರಾಜ್ಯೋತ್ಸವ ನವೆಂಬರ್ 1ಕ್ಕೇ ಆಗ್ಬೇಕಂತಿಲ್ಲ, ಹಾಲ್ ಅಗ್ಗಕ್ಕೆ ಸಿಗೋ ಯಾವುದಾದ್ರೂ ಶನಿವಾರ ನಡೆಯುತ್ತೆ. ಭಾಷಣದ ಹೊತ್ತಿಗೆ ಹೊರಗೆ ಸೆಲ್ಫಿ, ಬಿಸಿಬೇಳೆಬಾತ್ ಬಂದ ಕೂಡ್ಲೇ ಒಳಗೆ. ಅಷ್ಟರ ಮಟ್ಟಿಗೆ ನಾಡಿನ ಸಂಸ್ಕೃತಿ ಅಚ್ಚುಕಟ್ಟಾಗಿ ಉಳಿದಿದೆ.

ಸರಿ, ಡಿಗ್ರಿ ಮುಗೀತು. ಎರಡು ವರ್ಷ ಅಂದಿದ್ದು ಥೀಸಿಸ್ ಎಳೆದೆಳೆದು ಮೂರಾಯ್ತು. "ಈಗ ಬರ್ತೀಯೇನೋ?" ಅಂದ್ರು ಅಮ್ಮ. "ಕೆಲಸ ಹುಡುಕೋಕೆ 18 ತಿಂಗಳು ಪರ್ಮಿಟ್ ಕೊಡ್ತಾರಮ್ಮ, ಯಾಕೆ ಬಿಡ್ಲಿ?" ಕೆಲಸ ಸಿಕ್ತು. "ಸಾಲ ತೀರಿಸ್ಕೊಂಡು ಬರ್ತೀನಿ." ಸಾಲ ತೀರ್ತು. "ಬ್ಲೂ ಕಾರ್ಡ್ ಪರ್ಮಿಟ್ ಇದೆಯಲ್ಲಾ, ಜರ್ಮನ್ ಬಿ-1 ಪಾಸಾದ್ರೆ 21 ತಿಂಗಳಿಗೇ ಪರ್ಮನೆಂಟು." ಅದೂ ಆಯ್ತು. "ಒಟ್ಟು ಐದು ವರ್ಷಕ್ಕೆ ಪಾಸ್‌ಪೋರ್ಟೇ ಕೊಡೋ ಕಾನೂನು 2024ರಲ್ಲಿ ಬಂದಿದೆ, ಇಷ್ಟು ದೂರ ಬಂದು..."

ಒಂದೊಂದು ಕಾರಣನೂ ಎಷ್ಟು ನ್ಯಾಯವಾಗಿದೆ ನೋಡಿ! ಒಂದರಲ್ಲೂ ಹುಳುಕು ತೆಗೆಯೋಕಾಗಲ್ಲ. ಊರಿಗೆ ಬರಲ್ಲ ಅಂತ ನೀವು ಯಾವತ್ತೂ ಹೇಳಿಲ್ಲ. ನಿಮ್ಮನ್ನ ಇಲ್ಲಿ ಕಟ್ಟಿ ಹಾಕ್ತಿರೋದು ಈ ದೇಶದ ಕಾನೂನು, ಪಾಪ ನೀವೇನ್ ಮಾಡ್ತೀರಿ?

ಅಮ್ಮ ದಡ್ಡಿ ಅಂದ್ಕೊಂಡ್ರಾ? ನಿಮ್ಮ ಆಕ್ಟಿವಾನ ಚಿಕ್ಕಪ್ಪನ ಮಗನಿಗೆ ಕೊಟ್ಟು ಯಾವ ಕಾಲ ಆಯ್ತು. ನಿಮ್ಮ ರೂಮಿನಲ್ಲಿ ಈಗ ಸಂಡಿಗೆ ಡಬ್ಬ, ಹಳೇ ಹಾಸಿಗೆ, ಅಪ್ಪ ಎರಡು ದಿನ ಓಡಿ ಬಿಟ್ಟ ಟ್ರೆಡ್‌ಮಿಲ್ಲು. ವೀಡಿಯೋ ಕಾಲ್‌ನಲ್ಲಿ ಆ ಕಡೆ ಕ್ಯಾಮರಾ ತಿರುಗಿಸಲ್ಲ ಅಷ್ಟೇ. "ನಿನ್ನ ರೂಮು ಹಾಗೇ ಇದೆ ಮಗನೇ" ಅಂತಾರೆ. ಕುಕ್ಕರ್ ವಿಷಲ್ ಕಥೆ ಕಟ್ಟೋ ವಿದ್ಯೆ ನಿಮಗೆ ಯಾರ ಕಡೆಯಿಂದ ಬಂತು ಅಂತೀರಾ?

ನಿಮಗೆ ಇನ್ನೊಂದು ಕನಸಿದೆ, ಇಲ್ಲ ಅನ್ಬೇಡಿ. ನಲವತ್ತೈದಕ್ಕೆ ಎಲ್ಲಾ ಬಿಟ್ಟು ಸಕಲೇಶಪುರದ ಕಡೆ ಎರಡೆಕರೆ ತಗೊಂಡು ಕಾಫಿ ಹಾಕ್ಕೊಂಡು ಇದ್ಬಿಡೋದು. ಬಿಯರ್ ಎರಡನೇ ಗ್ಲಾಸಿಗೆ ಬಂದಾಗ ಇದು ತಪ್ಪದೆ ಬರುತ್ತೆ. ಜರ್ಮನ್ ಪಾಸ್‌ಪೋರ್ಟ್ ತಗೊಂಡ್ರೆ ಭಾರತದ್ದು ಬಿಡ್ಬೇಕು, ಎರಡೂ ಇಟ್ಕೊಳ್ಳೋಕೆ ನಮ್ಮ ಕಡೆ ಅವಕಾಶ ಇಲ್ಲ. ಬದಲಿಗೆ ಸಿಗೋದು ಓಸಿಐ ಕಾರ್ಡು. ಆ ಕಾರ್ಡಿನಲ್ಲಿ ಊರಲ್ಲಿ ಫ್ಲ್ಯಾಟ್ ತಗೋಬಹುದು, ಕೃಷಿ ಭೂಮಿ, ತೋಟ ತಗೊಳ್ಳೋ ಹಾಗಿಲ್ಲ!

ಪಿತ್ರಾರ್ಜಿತವಾಗಿ ಬಂದ್ರೆ ಪರವಾಗಿಲ್ಲ ಅನ್ನಿ. ಅಪ್ಪನ ಅಡಿಕೆ ತೋಟ ಇದೆಯಲ್ಲಾ ಅಂತ ಸಮಾಧಾನ ಮಾಡ್ಕೊಂಡ್ರಿ. ಕೊಳೆ ರೋಗಕ್ಕೆ ಮದ್ದು ಹೊಡೆಸೋದು, ಆಳು ಹುಡುಕೋದು, ಕಾಡುಹಂದಿ ಓಡಿಸೋದು ಎಲ್ಲಾ ಮಾಡ್ತಿರೋ ನಿಮ್ಮ ತಮ್ಮನ್ನ ಒಂದು ಮಾತು ಕೇಳಿದ್ರಾ?

ಈಗ ನೀವು ಊರಿಗೆ ಬಂದಾಗಿನ ವೇಷ ಬೇರೆ. ಖಾಲಿ ರಸ್ತೇಲೂ ಸಿಗ್ನಲ್ ಹಸಿರಾಗೋವರೆಗೂ ನಿಲ್ತೀರಿ, ಅಪ್ಪ ದಾಟಿ ಆ ಕಡೆ ಎಳನೀರು ಕುಡಿದು ಮುಗಿಸಿರ್ತಾರೆ. ಜಯನಗರ ಫೋರ್ತ್ ಬ್ಲಾಕಲ್ಲಿ ಬಾಳೆಹಣ್ಣಿನ ಸಿಪ್ಪೆ ಕೈಯಲ್ಲಿ ಹಿಡ್ಕೊಂಡು "ಬಯೋ ಡಬ್ಬ ಎಲ್ಲಿ?" ಅಂತ ಅರ್ಧ ಗಂಟೆ ಸುತ್ತಿದ್ರಂತೆ. ಕೊನೆಗೆ ಹಸು ಒಂದು ಬಂದು ನಿಮ್ಮ ಸಮಸ್ಯೆ ಬಗೆಹರಿಸ್ತಂತೆ.

ಇಷ್ಟೆಲ್ಲ ಆದ್ಮೇಲೆ, ಮೊನ್ನೆ ತುಮಕೂರಿನ ಹುಡುಗ ಒಬ್ಬ ಫೋನ್ ಮಾಡಿದ್ನಲ್ಲಾ, ನಿಮ್ಮ ಕಾಲೇಜು ಜೂನಿಯರ್ರು. "ಅಣ್ಣಾ, ಅಡ್ಮಿಶನ್ ಬಂದಿದೆ. ಅಲ್ಲಿ ಕಷ್ಟ ಏನೂ ಇಲ್ಲ ತಾನೆ? ರೂಮು, ಕೆಲಸ, ಭಾಷೆ... ಸತ್ಯ ಹೇಳಣ್ಣಾ, ಅಪ್ಪ ಸಾಲ ತೆಗೀಬೇಕು." ಪಾಪ, ನಿಮ್ಮನ್ನ ನಂಬಿ ಕೇಳಿದ್ದ. ಎಲ್ಲಾ ಹೇಳಿಬಿಡೋಣ ಅಂತ ನಿಮಗೂ ಒಂದು ಕ್ಷಣ ಅನ್ನಿಸ್ತು. ಬಾಯಿ ತೆಗೆದಿರಿ ಕೂಡ.

"ಏನ್ ಕಷ್ಟ ಮಗಾ, ಸ್ವರ್ಗ! ಕಣ್ಮುಚ್ಕೊಂಡು ಬಾ. ಯಾವ ಫ್ಲೈಟು? ಇಪ್ಪತ್ಮೂರು ಕೆಜಿದು ಎರಡು ಬ್ಯಾಗ್ ಬಿಡ್ತಾರಾ? ಹಾಗಿದ್ರೆ ನಮ್ಮಮ್ಮ ಒಂದು ಸಣ್ಣ ಪಾರ್ಸಲ್ ಕೊಡ್ತಾರೆ, ತಂದ್ಬಿಡು. ಜಾಸ್ತಿ ಏನಿಲ್ಲ, ಚಟ್ನಿಪುಡಿ, ಸಾರಿನಪುಡಿ, ಹುರಿಗಾಳು, ಒಂದು ಇಡ್ಲಿ ಕುಕ್ಕರ್ರು..."